ಎಂಜಲು ನುಂಗಿದಾಗ ತೆರೆಯುವ ಬಾಗಿಲು

ನಂದಿಬೆಟ್ಟದಿಂದ ಇಳಿಯುವ ಬಸ್ಸಿನಲ್ಲಿ ಕಿವಿ ಕಟ್ಟಿಕೊಂಡರೆ ಅಮ್ಮ ಹೇಳುತ್ತಿದ್ದುದು ಒಂದೇ ಮಾತು: "ಎಂಜಲು ನುಂಗು ಮಗಾ, ಬಿಟ್ಕೊಳ್ಳುತ್ತೆ." ನುಂಗುತ್ತಿದ್ದೆ. ಟಪ್ಪನೆ ಬಿಟ್ಟುಕೊಳ್ಳುತ್ತಿತ್ತು. ದೊಡ್ಡಬಳ್ಳಾಪುರ ತಲುಪುವಷ್ಟರಲ್ಲಿ ಕಟ್ಟಿದ್ದೇ ಮರೆತಿರುತ್ತಿತ್ತು.

ಈ ಸಲ ಬಿಡಲಿಲ್ಲ. ನೆಗಡಿ ಹೋಗಿ ತಿಂಗಳಾದರೂ ಎಡಗಿವಿ ಬಿಗಿದೇ ಇತ್ತು. ನಮ್ಮ ಬೀದಿಯಲ್ಲಿ ವಿದ್ಯುತ್ ಮಗ್ಗದ ಸದ್ದಿಲ್ಲದ ಹಗಲಿಲ್ಲ. ಆ ಸದ್ದೀಗ ಬಾವಿಯೊಳಗಿಂದ ಬಂದಂತೆ ಕೇಳುತ್ತಿತ್ತು. ನನ್ನ ಮಾತು ಮಾತ್ರ ತಲೆಯೊಳಗೇ ಗುಂಯ್‌ಗುಟ್ಟುತ್ತಿತ್ತು. ಅಮ್ಮ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಂದಳು. ಡಾಕ್ಟರು ಬೇಡವೆಂದರು. ಎಣ್ಣೆಯಾಗಲಿ ಡ್ರಾಪ್ಸ್ ಆಗಲಿ ಕಿವಿತಮಟೆಯ ಈಚೆಗೇ ನಿಲ್ಲುತ್ತವೆ. ತೆರೆಯಲೊಲ್ಲದ ಬಾಗಿಲಿರುವುದು ಮೂಗಿನ ಹಿಂದೆ, ಗಂಟಲ ನೆತ್ತಿಯಲ್ಲಿ.

ಅದು ತಮಟೆಯ ಹಿಂದಿನ ನಡುಗಿವಿಯನ್ನು ಗಂಟಲಿಗೆ ಕೂಡಿಸುವ ಯೂಸ್ಟೇಷಿಯನ್ ನಾಳದ ಬಾಯಿ. 16ನೇ ಶತಮಾನದಲ್ಲಿ ಅದನ್ನು ವಿವರಿಸಿದ ಇಟಲಿಯ ಅಂಗರಚನಾ ತಜ್ಞ ಬಾರ್ತೊಲೊಮಿಯೊ ಯೂಸ್ಟೇಶಿಯ ಹೆಸರೇ ಅದಕ್ಕೆ. ದೊಡ್ಡವರಲ್ಲಿ ಸುಮಾರು 36 ಮಿಲಿಮೀಟರ್ ಉದ್ದ. ಹೆಚ್ಚು ಹೊತ್ತು ಮುಚ್ಚಿಯೇ ಇರುತ್ತದೆ. ನುಂಗಿದಾಗ, ಆಕಳಿಸಿದಾಗ ಅಂಗುಳಿನ ಸ್ನಾಯುವೊಂದು ಎಳೆದು, ಕಣ್ಣು ಮಿಟುಕಿಸುವಷ್ಟು ಹೊತ್ತು ತೆರೆಯುತ್ತದೆ. ನಡುಗಿವಿಯ ಒಳಪೊರೆ ಅಲ್ಲಿನ ಗಾಳಿಯನ್ನು ಸದ್ದಿಲ್ಲದೆ ಹೀರುತ್ತಲೇ ಇರುತ್ತದೆ. ಈ ನಾಳ ಗುಟುಕು ಗುಟುಕಾಗಿ ಅದನ್ನು ತುಂಬಿಕೊಡುತ್ತಿರುತ್ತದೆ. ತುಂಬದಿದ್ದರೆ ತಮಟೆ ಒಳಕ್ಕೆ ಜಗ್ಗಿಕೊಳ್ಳುತ್ತದೆ.

ತಮಟೆ! ಆ ತೆಳುಪೊರೆಗೆ ಈ ಹೆಸರಿಟ್ಟವರಿಗೆ ನಾನು ಕೈಮುಗಿಯುತ್ತೇನೆ. ಜಾತ್ರೆಯಲ್ಲಿ ಬಡಿಯುವ ಮುನ್ನ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುವುದನ್ನು ನೋಡಿದ್ದೇನೆ. ಚರ್ಮ ಹದಕ್ಕೆ ಬರದೆ ನಾದ ಹೊಮ್ಮದು. ಕಿವಿಯ ತಮಟೆಗೆ ಬೆಂಕಿ ಬೇಡ, ಎರಡೂ ಕಡೆ ಸಮನಾದ ಗಾಳಿ ಸಾಕು. ಹುಟ್ಟಿದಂದಿನಿಂದ ಯಾರೋ ಒಳಗೆ ಕೂತು ಅದನ್ನು ಹದ ಮಾಡುತ್ತಲೇ ಇದ್ದರು. ನನಗೆ ಗೊತ್ತೇ ಇರಲಿಲ್ಲ.

ಗೊತ್ತಿದ್ದವನೊಬ್ಬ ವರ್ಸೇಲ್ಸ್‌ನ ಅಂಚೆ ಅಧಿಕಾರಿ ಗೀಯೊ. ತನ್ನ ಕಿವುಡಿಗೆ ಬೇಸತ್ತು, ಬಾಯೊಳಗಿಂದ ಬಾಗಿದ ಕೊಳವೆ ತೂರಿಸಿ ಈ ನಾಳವನ್ನು ತೊಳೆದುಕೊಂಡು, 1724ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಗೆ ವರದಿ ಒಪ್ಪಿಸಿದ. ವೈದ್ಯನಲ್ಲದ ಅವನ ಆ ಹಟ ಈಗ ನನಗೆ ಅರ್ಥವಾಗುತ್ತದೆ.

ಡಾಕ್ಟರು ನನ್ನ ಕಿವಿಯೊಳಗಿನ ಗಾಳಿಯ ಒತ್ತಡ ಪರೀಕ್ಷಿಸಿದಾಗ ಕಾಗದದ ಮೇಲೆ ಪುಟ್ಟ ಬೆಟ್ಟವೊಂದು ಮೂಡಿತು. ಅದರ ಶಿಖರ ನಡುವಿನಿಂದ ಎಡಕ್ಕೆ ಸರಿದಿತ್ತು. ಒಳಗೆ ಗಾಳಿ ಕಮ್ಮಿ ಎಂದರ್ಥ. ಅಲರ್ಜಿಯೂ ಇದ್ದುದರಿಂದ ಮೂಗಿಗೆ ಸ್ಪ್ರೇ ಕೊಟ್ಟರು. ಮೂಗು ಹಿಡಿದು ಮೆಲ್ಲಗೆ ಊದಲು ಹೇಳಿದರು, ಜೋರು ಮಾಡಬಾರದು. ಇವು ಸಾಲದಿದ್ದರೆ ತಮಟೆಯಲ್ಲೇ ಗ್ರೊಮೆಟ್ ಎಂಬ ಪುಟಾಣಿ ಕೊಳವೆ ಕೂರಿಸಬಹುದು; ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ತಾನೇ ಉದುರುತ್ತದೆ. ಅಥವಾ ಮೂಗಿನ ಮೂಲಕ ಬಲೂನು ಕಳಿಸಿ, ನಾಳದೊಳಗೆ ಎರಡು ನಿಮಿಷ ಉಬ್ಬಿಸಿ, ತೆಗೆಯಬಹುದು. ಅದಕ್ಕೆ ಆತುರ ಬೇಡವೆನಿಸಿತು. ಕಾಯುತ್ತಿದ್ದೇನೆ.

ಸಂಜೆ ತಾರಸಿಯಲ್ಲಿ ನಿಂತರೆ ದೇವನಹಳ್ಳಿಯತ್ತ ಇಳಿಯುವ ವಿಮಾನಗಳ ದೀಪ ಕಾಣುತ್ತದೆ. ಏರುವಾಗ ಕಿವಿಯ ಗಾಳಿ ತಾನೇ ಹೊರಬರುತ್ತದಂತೆ; ಇಳಿಯುವಾಗ ಮಾತ್ರ ಬಾಗಿಲನ್ನು ಎಳೆದು ತೆರೆಯಬೇಕು. ಅದಕ್ಕೇ ಇಳಿಯುವ ಹೊತ್ತಿಗೆ ಕೂಸುಗಳು ಅಳುತ್ತವೆ, ತಾಯಂದಿರು ಹಾಲು ಕುಡಿಸುತ್ತಾರೆ.

ನಿನ್ನೆಯೂ ಒಂದು ದೀಪ ಇಳಿಯುತ್ತಿತ್ತು. ಅಷ್ಟೆತ್ತರದಲ್ಲಿ, ಯಾರದೋ ಮಡಿಲಲ್ಲಿ ಒಂದು ಮಗು ನುಂಗುತ್ತಿರಬಹುದು. ನಾನೂ ನುಂಗಿದೆ. ಎಡಗಿವಿಯಲ್ಲಿ ಸಣ್ಣಗೆ ಚಟ್ ಎಂದಿತು. ಎದುರು ಮನೆಯ ಮಗ್ಗ ಬಾವಿಯಿಂದ ಎದ್ದು ಬಂದಿತು, ಲಾಳಿಯ ಒಂದೊಂದು ಹೊಡೆತವೂ ಬೇರೆಬೇರೆಯಾಗಿ. ಮರುಗಳಿಗೆಯಲ್ಲಿ ಮತ್ತೆ ಮುಚ್ಚಿತು. ಎಂಜಲು ಕೂಡಿಸಿಕೊಳ್ಳುತ್ತ ಅಲ್ಲೇ ನಿಂತೆ.