ಎರಡು ದಡ, ಒಂದೇ ಬಂಡೆ

ಮತ್ತಾಯನ ಸುವಾರ್ತೆಯ ೫ನೇ ಅಧ್ಯಾಯದ ೨೩, ೨೪ನೇ ವಚನಗಳನ್ನು ತೆರೆದು ಓದಿರಿ. ಕಾಣಿಕೆ ತಂದವನು, ಸಹೋದರನಿಗೆ ತನ್ನ ಮೇಲೆ ಏನಾದರೂ ಇರುವದೆಂದು ನೆನಸಿದರೆ, ಮೊದಲು ಹೋಗಿ ಸಮಾಧಾನವಾಗಬೇಕೆಂದು ಕರ್ತನು ಅಲ್ಲಿ ಕಲಿಸುತ್ತಾನೆ. ಇದನ್ನು ನಾವು ಅನೇಕ ಸಾರಿ ಬೋಧಿಸಿದ್ದೆವು. ಅರ್ಥವನ್ನಾದರೋ ಒಂದು ಬಂಡೆಯ ಅಂಚಿನಲ್ಲಿ ಕಲಿತೆವು.

ಕಳೆದ ಚಳಿಗಾಲದಲ್ಲಿ ಕಡಪ ಜಿಲ್ಲೆಯ ಜಮ್ಮಲಮಡುಗಿಗೆ ಹೋಗಿದ್ದಾಗ, ಸಮೀಪದ ಗಂಡಿಕೋಟೆಯನ್ನು ನೋಡಲು ಒಬ್ಬರೇ ಹೊರಟೆವು. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಅಲ್ಲಿ ಪೆನ್ನಾ ಎಂಬ ಹೆಸರಿನಿಂದ ಎರ್ರಮಲೆ ಬೆಟ್ಟಗಳನ್ನು ಸೀಳಿಕೊಂಡು ಹರಿಯುತ್ತದೆ. ಸುಮಾರು ೩೦೦ ಅಡಿ ಆಳದ ಆ ಕಂದರವೇ ಒಂದು ಕಡೆಗೆ ಕೋಟೆಯ ಅಗಳು. ೧೬೫೨ರಲ್ಲಿ ತಾವೆರ್ನಿಯೆ ಎಂಬ ಫ್ರೆಂಚ್ ವರ್ತಕನು ಬಂದಾಗ ಕೋಟೆಯು ಗೋಲ್ಕೊಂಡದ ಸೇನಾಪತಿಯಾದ ಮೀರ್ ಜುಮ್ಲಾನ ಕೈಯಲ್ಲಿತ್ತು.

ಈಶಾನ್ಯ ಮಾರುತದ ಜಡಿಮಳೆ ಬಿಡದೆ ಸುರಿಯುತ್ತಿತ್ತು. ಮಂಜು ಕವಿದು ಹತ್ತು ಮಾರು ಆಚೆಗೆ ಏನೂ ಕಾಣದು. ಅಂಚಿನ ಕೆಂಬಂಡೆಗಳ ಮೇಲೆ ಕಾಲು ಜಾರಿ ಬಿದ್ದೆವು; ಕೈಗೆ ಒಂದು ಮುಳ್ಳುಕಂಟಿ ಸಿಕ್ಕಿತು. ಆಗ ನಮ್ಮ ಬಾಯಿಂದ ಹೊರಟದ್ದು ಪ್ರಾರ್ಥನೆಯಲ್ಲ, ನಮ್ಮ ತಮ್ಮನ ಹೆಸರು. ಚಿಕ್ಕಂದಿನಲ್ಲಿ ಹಳ್ಳ ದಾಟುವಾಗ ಅವನ ಕೈಯನ್ನೇ ಹಿಡಿಯುತ್ತಿದ್ದೆವು. ಆದರೆ ತಂದೆಯ ಹೊಲವನ್ನು ಪಾಲು ಮಾಡಿದಾಗ ಒಂದು ಮೊಳ ಗಡಿಗೋಸ್ಕರ ಮುನಿದು, ಹನ್ನೊಂದು ವರುಷ ಅವನ ಸಂಗಡ ಮಾತಾಡಿರಲಿಲ್ಲ. ಈ ಬಾಯಿಂದಲೇ ಸಭೆಗೆ ಸಮಾಧಾನವನ್ನು ಬೋಧಿಸುತ್ತಿದ್ದೆವು!

ಸ್ವಲ್ಪ ಹೊತ್ತಿಗೆ ಮಂಜು ಹರಿಯಿತು. ಎದುರು ದಡದ ಬಂಡೆ ಕಂಡಿತು. ಪದರದ ಮೇಲೆ ಪದರ, ಇತ್ತ ಹೇಗೋ ಅತ್ತಲೂ ಹಾಗೆಯೇ. ಮೊದಲು ಅವೆರಡೂ ಒಂದೇ ಬಂಡೆ. ಸಿಡಿಲು ಅದನ್ನು ಒಡೆಯಲಿಲ್ಲ. ಮರಳನ್ನು ಉರುಳಿಸುತ್ತಾ ಹರಿದ ನೀರು ಬಹು ಕಾಲ ತೇದು ತೇದು ಅಗಲಿಸಿತು. ನಮ್ಮ ಮನೆಗಳನ್ನು ಅಗಲಿಸುವದೂ ಹೀಗೆಯೇ ಅಲ್ಲವೋ? ದಿನಕ್ಕೊಂದು ಚುಚ್ಚುಮಾತು, ಹಬ್ಬಕ್ಕೊಂದು ಮೌನ.

ಆ ಕಂದರವನ್ನು ಅಂಚಿನಿಂದ ಹಾರಿ ದಾಟಿದವರಿಲ್ಲ. ದಾಟಬೇಕಾದವನು ನೀರಿನ ವರೆಗೆ ಇಳಿಯಬೇಕು. ನಾವೋ, ತಮ್ಮನು ಮೊದಲು ಬರಲೆಂದು ನಮ್ಮ ದಡದ ಮೇಲೆಯೇ ನಿಂತಿದ್ದೆವು. ಪರಲೋಕವನ್ನು ಬಿಟ್ಟು ನಮ್ಮ ಬಳಿಗೆ ಇಳಿದು ಬಂದ ಕರ್ತನಾದರೋ ಹಾಗೆ ಕಾದು ನಿಲ್ಲಲಿಲ್ಲ.

ಆ ವಾರವೇ ತಮ್ಮನ ಮನೆಗೆ ಹೋದೆವು. ಅವನು ಬಾಗಿಲು ತೆರೆದನು, ಕುಳಿತುಕೊಳ್ಳೆನ್ನಲಿಲ್ಲ. ಅಂಗಳದಲ್ಲಿ ನಿಂತೇ ನಮ್ಮ ತಪ್ಪನ್ನು ಅರಿಕೆಮಾಡಿ ಹಿಂದಿರುಗಿದೆವು. ಎರಡನೆಯ ಸಾರಿ ಹೋದಾಗ ಅವನೇ ಚಾಪೆ ಹಾಸಿದನು. ಗಡಿಯ ಮಾತು ಇನ್ನೂ ತೀರಲಿಲ್ಲ. ಆದರೆ ಈಗ ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಅದನ್ನು ಆಡುತ್ತೇವೆ.

ಪ್ರಿಯರೇ, ಕರ್ತನ ಭೋಜನದ ಆದಿತ್ಯವಾರವು ಬರುವದಕ್ಕೆ ಮುಂಚೆ ನೀವು ಯಾರ ಅಂಗಳಕ್ಕೆ ಇಳಿಯಬೇಕೆಂಬದು ನಿಮಗೆ ಗೊತ್ತುಂಟು. ಅವನು ಬರಲಿ ಎನ್ನಬೇಡಿರಿ. ನೀವೇ ಏಳಿರಿ, ಹೋಗಿರಿ. ಇಳಿಯುವವನ ಕೈಯನ್ನು ಹಿಡಿಯುವಾತನು ಆ ದಾರಿಯಲ್ಲಿ ನಮಗಿಂತ ಮುಂಚೆ ನಡೆದಿದ್ದಾನೆ. ಆಮೆನ್.