ಬೇಡ ಎನ್ನುವವರು ಯಾರು?

ಮನೆಯ ಯಜಮಾನ ಕಟ್ಟೆಯ ಮೇಲೆ ಕುಳಿತು ‘ನಾವು ಯಾರ ಮುಂದೂ ಕೈ ಒಡ್ಡಾವ್ರಲ್ಲ’ ಎನ್ನುತ್ತಿರುವಾಗ, ಒಳಗಿನವಳು ಹಿತ್ತಲ ಬಾಗಿಲಿನಿಂದ ಮಗುವಿನ ಕೈಗೆ ಬುಟ್ಟಿ ಕೊಟ್ಟು ಜೋಳದ ಹಿಟ್ಟು ಕೈಗಡ ತರಲು ಕಳಿಸಿರುತ್ತಾಳೆ. ಮಾನ ಇಬ್ಬರಿಗೂ ಇದೆ. ಆದರೆ ನಾಳಿನ ರೊಟ್ಟಿಯ ಚಿಂತೆ ಅವಳೊಬ್ಬಳದೇ. ಆಪತ್ತಿನಲ್ಲಿ ಒಂದು ದೇಶ ಇನ್ನೊಂದು ದೇಶಕ್ಕೆ ನೆರವು ಕೊಡುವ ಮಾತು ಬಂದಾಗಲೂ ನನಗೆ ಇದೇ ನೆನಪಾಗುತ್ತದೆ.

ಬೇಡ ಎನ್ನುವುದಕ್ಕೆ ಕಾರಣವಿಲ್ಲದೆ ಇಲ್ಲ. 1965–66ರ ಬರಗಾಲದಲ್ಲಿ ನಾವು ಅಮೆರಿಕದ ಪಿ.ಎಲ್. 480 ಗೋಧಿಯನ್ನು ನೆಚ್ಚಿಕೊಂಡಿದ್ದೆವು. ಅಧ್ಯಕ್ಷ ಜಾನ್ಸನ್ ಅದನ್ನು ಒಮ್ಮೆಲೇ ಬಿಡದೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಿದ್ದರು. ವಿಯೆಟ್ನಾಂ ಯುದ್ಧದ ಬಗ್ಗೆ ನಾವಾಡಿದ ಮಾತು ಅವರಿಗೆ ಹಿಡಿಸಿರಲಿಲ್ಲ. ಉಂಡವರ ಬಾಯಿಗೆ ಬೀಗ ಬೀಳುವುದು ಹೀಗೆ. ಅದನ್ನು ಕಂಡ ದೇಶ 2004ರ ಸುನಾಮಿಯಲ್ಲಿ ನಮ್ಮದನ್ನು ನಾವೇ ನೋಡಿಕೊಳ್ಳುತ್ತೇವೆಂದು ಹೇಳಿ, ಶ್ರೀಲಂಕಾ, ಮಾಲ್ಡೀವ್ಸ್, ಇಂಡೊನೇಷ್ಯಾಗಳಿಗೆ ತಾನೇ ಹಡಗು ಕಳಿಸಿದಾಗ ನಮಗೆಲ್ಲ ಹೆಮ್ಮೆ ಎನಿಸಿದ್ದು ಸಹಜ.

ಆದರೆ 2008ರಲ್ಲಿ ಮ್ಯಾನ್ಮಾರಿನ ಸೇನಾಡಳಿತವೂ ಬೇಡ ಎಂದಿತು. ನರ್ಗಿಸ್ ಚಂಡಮಾರುತದಲ್ಲಿ ಲಕ್ಷಕ್ಕೂ ಹೆಚ್ಚು ಜನ ಸತ್ತರು ಇಲ್ಲವೆ ಕಾಣೆಯಾದರು. ಸಾಮಾನು ಹೊತ್ತ ಅಮೆರಿಕ, ಫ್ರಾನ್ಸಿನ ನೌಕಾಪಡೆಯ ಹಡಗುಗಳು ಕಡಲಲ್ಲಿ ಕಾದು, ಅಪ್ಪಣೆ ಸಿಗದೆ ಹಿಂದಿರುಗಿದವು. ಪರರ ಯುದ್ಧದ ಹಡಗು ಬಾಗಿಲಿಗೆ ಬಂದರೆ ಭಯವಾಗುವುದು ಸುಳ್ಳಲ್ಲ. ಆದರೆ ಆ ಭಯದ ಬೆಲೆ ತೆತ್ತವರು ಅಧಿಕಾರದಲ್ಲಿದ್ದವರಲ್ಲ, ಮನೆ ಮಠ ಕಳೆದುಕೊಂಡವರು.

2018ರ ಕೇರಳದ ನೆರೆಯಲ್ಲಿ ಸಂಯುಕ್ತ ಅರಬ್ ಸಂಸ್ಥಾನ 700 ಕೋಟಿ ರೂಪಾಯಿ ಕೊಡಲಿದೆ ಎಂದು ಅಲ್ಲಿನ ಮುಖ್ಯಮಂತ್ರಿ ಹೇಳಿದರು. ಮೊತ್ತ ಇನ್ನೂ ನಿಶ್ಚಯವಾಗಿಲ್ಲ ಎಂದರು ಆ ದೇಶದ ರಾಯಭಾರಿ. ನಮ್ಮ ಕಷ್ಟಕ್ಕೆ ನಮ್ಮದೇ ಹಣ ಎಂಬುದು ಹಿಂದಿನಿಂದ ಬಂದ ನೀತಿ ಎಂದಿತು ಕೇಂದ್ರ. 2021ರ ಕೋವಿಡ್ ಕಾಲದಲ್ಲಾದರೋ ಪರದೇಶದ ಆಕ್ಸಿಜನ್ ಯಂತ್ರಗಳನ್ನು ನಾವು ತೆಗೆದುಕೊಂಡೆವು. ಅದರಿಂದ ದೇಶದ ಮಾನವೇನೂ ಹೋಗಲಿಲ್ಲ.

ಇದೆಲ್ಲ ದಿಲ್ಲಿಯ ಮಾತು, ನಮಗೇಕೆ ಎನ್ನಬೇಡಿ. 2019ರ ಆಗಸ್ಟಿನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಹೊಳೆದಂಡೆಯ ಊರುಗಳಿಗೆ ನೀರು ನುಗ್ಗಿತು. ರಾಜ್ಯ ಸರ್ಕಾರ ಸಂತ್ರಸ್ತ ಕುಟುಂಬಕ್ಕೆ 10,000 ರೂಪಾಯಿ ತುರ್ತು ಪರಿಹಾರ ಕೊಟ್ಟಿತು. ಕೇಂದ್ರ 1,200 ಕೋಟಿಯ ಮಧ್ಯಂತರ ನೆರವು ಪ್ರಕಟಿಸುವಾಗ ಅಕ್ಟೋಬರ್ ಬಂದಿತ್ತು. ಅಷ್ಟರೊಳಗೆ ಒಲೆ ಉರಿಯಬೇಕಲ್ಲ? ಊರೂರಿನಿಂದ ಟೆಂಪೋಗಳಲ್ಲಿ ರೊಟ್ಟಿ, ಚಟ್ನಿ, ಹೊದಿಕೆ ಬಂದವು. ಯಾರೂ ಅವರ ಜಾತಿ, ಊರು ಕೇಳಲಿಲ್ಲ. ಆದರೆ ಗಂಜಿ ಕೇಂದ್ರದ ಹೆಂಗಸರನ್ನು ‘ಅಕ್ಕಾ, ನಿಮಗೇನು ಬೇಕ್ರೀ?’ ಎಂದು ಕೇಳಿದವರೂ ಕಡಿಮೆ. ಒಂದು ಮರೆಯ ಬಚ್ಚಲು, ತಿಂಗಳ ಬಟ್ಟೆ, ಹಸುಗೂಸಿಗೆ ಹಾಲು. ಇಂಥವನ್ನು ಕೇಳದೆ ತಿಳಿಯುವುದು ಹೇಗೆ?

ಬೇಡ ಎನ್ನುವ ಹಕ್ಕು ಸರ್ಕಾರಕ್ಕೆ ಇರಲಿ. ಕೊಡುವವರ ಕರಾರು ಏನೆಂದು ನೋಡುವುದೂ ಜಾಣತನವೇ. ಆದರೆ ಹೊರಗಿನ ಕೈಯನ್ನು ತಳ್ಳಿದವರು, ಅದು ಕೊಡಲಿದ್ದಷ್ಟನ್ನು ಅಷ್ಟೇ ಬೇಗ ತಾವು ತಂದು ಕೊಡಬೇಕು. ಬೇಡ ಎನ್ನುವ ಮೊದಲು ನೀರು ನುಗ್ಗಿದ ಮನೆಯವಳನ್ನು ಒಂದು ಮಾತು ಕೇಳಬೇಕು. 2021ರಲ್ಲಿ ಹೊಳೆ ಮತ್ತೆ ಬಂತು, ಇನ್ನೂ ಬರುತ್ತದೆ. ಕೇಳುವುದನ್ನು ಈಗಲೇ ರೂಢಿ ಮಾಡಿಕೊಳ್ಳುವುದು ಒಳ್ಳೆಯದು.