ಹುಲಿವಾಹನದ ರಶೀದಿ

ಮಾದಪ್ಪನ ಬೆಟ್ಟದ ಸೇವಾ ಕೌಂಟರಿನಲ್ಲಿ ಹುಲಿವಾಹನಕ್ಕೆಂದು ಹಣ ಕಟ್ಟಿದಾಗ ಒಳಗಿದ್ದವರು ನನ್ನ ಹೆಸರು, ಊರು ಕೇಳಿ ರಶೀದಿ ಹರಿದುಕೊಟ್ಟರು. ಇಪ್ಪತ್ತು ವರ್ಷದಿಂದ ಕೌಂಟರಿನ ಒಳಗೆ ಕೂತು ರಶೀದಿ ಕೊಡುವವನು ನಾನು. ಹೊರಗೆ ನಿಂತು ತೆಗೆದುಕೊಳ್ಳುವಾಗ ಯಾವತ್ತೂ ಒಂದು ಬಗೆಯ ಮುಜುಗರ. ಮೊತ್ತ, ತಾರೀಖು, ಸಹಿ ಎಲ್ಲವನ್ನೂ ಅಭ್ಯಾಸಬಲದಿಂದ ಪರೀಕ್ಷಿಸಿದೆ, ಎಲ್ಲ ಸರಿಯಾಗಿತ್ತು. ಸೇವೆಯ ಹೆಸರಿನ ಎದುರು 'ಹುಲಿವಾಹನ' ಎಂದಿತ್ತು. ಆ ಐದಕ್ಷರದ ಮೇಲೆ ಕಣ್ಣು ನಿಂತದ್ದು ಅಂದಿನಿಂದ ಇಂದಿನವರೆಗೂ ಮುಂದೆ ಹೋಗಿಲ್ಲ. ಆದ್ದರಿಂದ ಈ ಬರಹ.

ಹರಕೆ ನಮ್ಮ ತಾಯಿಯದು. ಬೈಕಿನಿಂದ ಬಿದ್ದು ನನ್ನ ಕಾಲು ಮುರಿದಿದ್ದಾಗ, ಮಗ ಎದ್ದು ನಡೆದರೆ ಮಾದಪ್ಪನಿಗೆ ಹುಲಿವಾಹನ ಎಳೆಸುತ್ತೇನೆಂದು ಹೇಳಿಕೊಂಡಿದ್ದರು. ನಾನು ಎದ್ದು ನಡೆದೆ. 2025ರ ಕಾರ್ತಿಕದಲ್ಲಿ ಕನಕಪುರ, ಕೊಳ್ಳೇಗಾಲದ ದಾರಿ ಹಿಡಿದು ಹೊರಟೆವು.

ಈ ವಾರ್ಷಿಕದ ಓದುಗರಲ್ಲಿ ಬಹುಮಂದಿಗೆ ನಮ್ಮ ಗುಮ್ಮಳಾಪುರ ಗೊತ್ತಿರಲಿಕ್ಕಿಲ್ಲ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯಲ್ಲಿ, ತಳಿಯ ಹತ್ತಿರ, ಕರ್ನಾಟಕದ ಗಡಿಗೆ ಒರಗಿಕೊಂಡಿರುವ ಊರು. 1956ರಲ್ಲಿ ಗೆರೆ ಎಳೆದವರು ಕಾಸರಗೋಡನ್ನು ಕೇರಳಕ್ಕೆ ಸೇರಿಸಿದರು, ನಮ್ಮ ಹೊಸೂರು ಸೀಮೆಯನ್ನು ಮದ್ರಾಸಿನಲ್ಲೇ ಉಳಿಸಿದರು. ಆ ದುಃಖವನ್ನು ನಿಮಗೆ ವಿವರಿಸುವುದು ಬೇಡ. ರಾಗಿ, ಅವರೆ, ದನ, ರಾತ್ರಿ ಹೊಲಕ್ಕೆ ಬರುವ ಆನೆ, ಇಷ್ಟು ನಮ್ಮ ಪ್ರಪಂಚ. ದೇವರುಗಳು ಮಾತ್ರ ಗೆರೆಯ ಆಚೆಗೂ ಈಚೆಗೂ ಇದ್ದಾರೆ. ನಮ್ಮ ತಾತ ಶಿವರಾತ್ರಿಗೆ ಹಿಟ್ಟಿನ ಗಂಟು ಕಟ್ಟಿಕೊಂಡು ಕಾಡಿನ ದಾರಿಯಲ್ಲಿ, ಕಾವೇರಿ ದಾಟಿ, ಬೆಟ್ಟಕ್ಕೆ ನಡೆದೇ ಹೋಗುತ್ತಿದ್ದವರು. ಕಾಡಿನಲ್ಲಿ ಮಲಗಿದಾಗ ಹುಲಿಯೆಂಬ ಮಾತನ್ನು ಬಾಯಲ್ಲಿ ಆಡುತ್ತಿರಲಿಲ್ಲವಂತೆ. 'ಸ್ವಾಮಿಯ ಕುದುರೆ' ಎನ್ನುತ್ತಿದ್ದರಂತೆ. ನನ್ನ ಬಾಲ್ಯದ ಹೊತ್ತಿಗೆ ಆ ಕಾಡಿನಲ್ಲಿ ಹುಲಿಗಿಂತ ವೀರಪ್ಪನ್ ಭಯವೇ ದೊಡ್ಡದಾಗಿತ್ತು. 1993ರ ಏಪ್ರಿಲಿನಲ್ಲಿ ಪಾಲಾರಿನ ಬಳಿ ನೆಲಬಾಂಬು ಸಿಡಿದ ಮೇಲೆ ತಾತ ನಡಿಗೆ ನಿಲ್ಲಿಸಿದರು. 2004ರಲ್ಲಿ ವೀರಪ್ಪನ್ ಸತ್ತಾಗ ತಾತ ಇರಲಿಲ್ಲ.

ತಾಳುಬೆಟ್ಟದಲ್ಲಿ ಬಸ್ಸಿಳಿದು ಕಾಯಿ ಒಡೆದು ಧೂಪ ಹಾಕಿದೆವು. ಬೆಟ್ಟ ಹತ್ತುವ ಮುನ್ನ ಅಲ್ಲಿ ಅಪ್ಪಣೆ ಕೇಳುವುದು ರೂಢಿ. ಮೆಟ್ಟಿಲು ಹತ್ತುವವರು ಆನೆತಲೆದಿಂಬದ ಏರಿನಲ್ಲಿ 'ಉಘೇ ಮಾದಪ್ಪ' ಎಂದು ಕೂಗಿ ಉಸಿರು ತಿರುಗಿಸಿಕೊಳ್ಳುತ್ತಾರೆ. ನನ್ನ ಕಾಲಿನ ದೆಸೆಯಿಂದ ನಾವು ರಸ್ತೆಯಲ್ಲೇ ಹೋದೆವು. ಹರಕೆ ಕಾಲಿನದು, ಹೋದದ್ದು ಚಕ್ರದ ಮೇಲೆ, ತಾಯಿಗೆ ಇದು ಸ್ವಲ್ಪ ಸರಿಬರಲಿಲ್ಲ. ಅಂತರಗಂಗೆಯಲ್ಲಿ ಸ್ನಾನ. ಒದ್ದೆ ಬಟ್ಟೆಯಲ್ಲಿ ಉರುಳು ಸೇವೆ ಮಾಡುವವರನ್ನು ದಾಟಿಕೊಂಡು ಗುಡಿಯ ಸಾಲು. ಒಳಗೆ ಪೂಜೆ ಬೇಡಗಂಪಣರದು. ಕಾಡಿನ ಮಕ್ಕಳ ಪೂಜೆ ಈ ಬೆಟ್ಟದ ದೊಡ್ಡಸ್ತಿಕೆ ಎಂದು ನನ್ನ ಎಣಿಕೆ. ಆಮೇಲೆ ಕಾರಯ್ಯ ಬಿಲ್ಲಯ್ಯರಿಗೆ ಕೈ ಮುಗಿದು, ಸಾಲೂರು ಮಠಕ್ಕೆ ಹೋಗಿ, ಪ್ರಸಾದ ಉಂಡು, ದೀಪದ ಗಿರಿ ಒಡ್ಡಿನಲ್ಲಿ 2023ರ ಮಾರ್ಚಿನಲ್ಲಿ ಅನಾವರಣವಾದ 108 ಅಡಿಯ ಮೂರ್ತಿ ನೋಡಿದೆವು. ಹುಲಿಯ ಮೇಲೆ ಕೂತ ಮಾದಪ್ಪ. ಕೆಳಗೆ ನಿಂತರೆ ದೇವರ ಮುಖಕ್ಕಿಂತ ಮೊದಲು ಹುಲಿಯೇ ಕಣ್ಣಿಗೆ ಬೀಳುತ್ತದೆ. ಜನ ಅದರ ಎದುರು ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು, ನಾವೂ ತೆಗೆಸಿಕೊಂಡೆವು.

ಅದೇ ಬೆಟ್ಟದ ಸಾಲಿನಲ್ಲಿ, ಹೂಗ್ಯಂ ಅರಣ್ಯ ವಲಯದಲ್ಲಿ, 2025ರ ಜೂನ್ 26ರಂದು ಒಂದು ತಾಯಿ ಹುಲಿಯೂ ನಾಲ್ಕು ಮರಿಗಳೂ ಸತ್ತು ಬಿದ್ದಿದ್ದವು. ಪತ್ರಿಕೆಗಳಲ್ಲಿ ಓದಿದ್ದೀರಿ. ಹುಲಿ ಒಂದು ಹಸುವನ್ನು ಕೊಂದಿತ್ತು. ಅದರ ಮೈಗೆ ವಿಷ ಸವರಲಾಗಿತ್ತು. ಹುಲಿ ಒಂದೇ ಊಟಕ್ಕೆ ಬೇಟೆಯನ್ನು ಮುಗಿಸುವುದಿಲ್ಲ, ತಿಂದು ಬಿಟ್ಟದ್ದಕ್ಕೆ ಮರಳಿ ಬರುತ್ತದೆ. ವಿಷ ಹಾಕುವವನ ಲೆಕ್ಕ ನಿಂತಿರುವುದು ಅದರ ಮೇಲೆ. ಮರಳಿ ಬಂದದ್ದು ತಾಯಿ, ಮರಿಗಳನ್ನು ಕರೆದುಕೊಂಡು. ಮೂವರ ಬಂಧನವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ನಾವು ಹೋಗುವ ಕೆಲವೇ ದಿನ ಮೊದಲು, ಅದೇ ಅಭಯಾರಣ್ಯದಲ್ಲಿ ಇನ್ನೊಂದು ಹುಲಿಯನ್ನು ತುಂಡರಿಸಿ ಹೂತಿದ್ದು ಪತ್ತೆಯಾಗಿತ್ತು.

ನಾನು ರಶೀದಿ ಹಿಡಿದು ನಿಂತಾಗ ನೆನಪಾದದ್ದು ಇದು. ಮರದ ಹುಲಿಗೆ ಹಣ ಕಟ್ಟಿ, ಹೂ ಮುಡಿಸಿ, ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮಗೆ ಕಾಡಿನಲ್ಲಿ ಸತ್ತ ಹುಲಿಯ ಋಣ ಏನಾದರೂ ಇದೆಯೇ? ಅಥವಾ ಇವೆರಡೂ ಬೇರೆ ಬೇರೆ ಖಾತೆಗಳೇ?

ಬೇರೆ ಖಾತೆ ಎಂದು ಹೇಳುವುದು ಸುಲಭ. ದೇವರ ಹುಲಿ ಪಳಗಿದ್ದು, ಅದು ದನ ತಿನ್ನುವುದಿಲ್ಲ. ಗಣೇಶನಿಗೆ ಕೈ ಮುಗಿದು ಮನೆಗೆ ಬಂದು ಇಲಿಬೋನು ಇಡುವವರೇ ನಾವೆಲ್ಲ. ವಾಹನವೆಂದರೆ ಸಂಕೇತ ಎಂದು ಬಿ.ಎ. ಓದಿದ ನನ್ನಂಥವನು ವ್ಯಾಖ್ಯಾನ ಕೊಡಬಲ್ಲ. ಆದರೆ ನನ್ನ ತಾತನಿಗೆ ಆ ವ್ಯಾಖ್ಯಾನ ಗೊತ್ತಿರಲಿಲ್ಲ. ಅವರು ಕತ್ತಲಲ್ಲಿ ಹೆಸರಿಡಿದು ಕರೆಯದೆ ಬಿಟ್ಟದ್ದು ಸಂಕೇತವನ್ನಲ್ಲ, ಎದುರು ಪೊದೆಯಲ್ಲಿ ಇರಬಹುದಾದ ಪ್ರಾಣಿಯನ್ನು. ಅವರ ಭಕ್ತಿಯೊಳಗೆ ಭಯವಿತ್ತು. ಆ ಭಯ ಕಳೆದ ಮೇಲೆ ಉಳಿದ ನಮ್ಮ ಭಕ್ತಿಯ ತೂಕ ಎಷ್ಟು ಎಂಬುದೇ ನನಗೆ ಅನುಮಾನ.

ನಮ್ಮ ಶಾಖೆಯಲ್ಲಿ ಕಾಸರಗೋಡು ಕಡೆಯ ಮಲಯಾಳಿ ಸಹೋದ್ಯೋಗಿಯೊಬ್ಬರಿದ್ದಾರೆ, ವರ್ಷವೂ ಮಾಲೆ ಹಾಕುವವರು. ಊಟದ ಬಿಡುವಿನಲ್ಲಿ ಈ ಮಾತು ಎತ್ತಿದೆ. ಅವರು ಮಣಿಕಂಠನ ಕತೆ ನೆನಪಿಸಿದರು. ತಲೆನೋವೆಂದು ನಟಿಸಿದ ರಾಣಿ ಹುಲಿಯ ಹಾಲು ಬೇಕೆಂದಳು. ಹುಡುಗ ಕಾಡಿಗೆ ಹೋಗಿ ಹುಲಿಯ ಮೇಲೆ ಕೂತು ಪಂದಳಕ್ಕೆ ಬಂದ, ಹಿಂದೆ ಮರಿಗಳು. 'ನಮ್ಮಲ್ಲೂ ತಾಯಿ ಹುಲಿಯೇ, ಮರಿಗಳೂ ಇವೆ. ಆದರೆ ಪಂದಳದವರು ಹೆದರಿ, ಅವನ್ನು ಕಾಡಿಗೆ ಹಿಂದಕ್ಕೆ ಕಳಿಸು ಎಂದು ಬೇಡಿಕೊಂಡರು. ಕೊಲ್ಲು ಅನ್ನಲಿಲ್ಲ' ಎಂದರು. ಇವತ್ತು ಶಬರಿಮಲೆ ಇರುವುದು ಪೆರಿಯಾರ್ ಹುಲಿ ಸಂರಕ್ಷಿತ ಪ್ರದೇಶದ ಒಳಗೆ. ಬಯಲಿನಿಂದ ಹೋಗುವ ನಾವಿಬ್ಬರೂ ಹುಲಿಯ ಮನೆಗೆ ಹೋಗಿ ಹುಲಿಯನ್ನು ನೋಡದೆ ಬರುವವರು. ಅದು ನಮ್ಮ ಪುಣ್ಯ ಎಂದು ಇಬ್ಬರೂ ನಕ್ಕೆವು.

ನೋಡುವವರು ಬೇರೆ ಇದ್ದಾರೆ. ಜೂನ್ ತಿಂಗಳ ಸುದ್ದಿ ಬಂದ ದಿನ ನಮ್ಮ ಶಾಖೆಯಲ್ಲಿ ಎಲ್ಲರೂ 'ಇಂಥವರನ್ನು ಬಿಡಬಾರದು' ಎಂದರು. ನಾನೂ ಅಂದೆ. ಅಂದಮೇಲೆ ಒಂದು ಮುಖ ಕಣ್ಣ ಮುಂದೆ ಬಂತು.

ಕೆಲವು ವರ್ಷಗಳ ಹಿಂದಿನ ಮಾತು. ಕಾಡಂಚಿನ ಒಬ್ಬ ರೈತ ನಮ್ಮಲ್ಲಿ ಸಾಲ ಮಾಡಿ ಹಸು ಕೊಂಡಿದ್ದ. ಹಸುವಿಗೆ ವಿಮೆ ಇತ್ತು, ಕಿವಿಗೆ ನಂಬರಿನ ಓಲೆ ಹಾಕಿದ್ದರು. ಸತ್ತರೆ ಆ ಓಲೆ ತಂದು ಒಪ್ಪಿಸಬೇಕು. ಓಲೆ ಇಲ್ಲದಿದ್ದರೆ ಕ್ಲೇಮು ಇಲ್ಲ, ಇದು ನಿಯಮ. ಚಿರತೆ ಹಸುವನ್ನು ಹೊಡೆದು ಎಳೆದೊಯ್ದಿತ್ತು. ಅವನು ತಂದದ್ದು ಕೊರಳ ಗಂಟೆ ಮತ್ತು ಮೊಬೈಲಿನಲ್ಲಿ ಮಸಕಾದ ಒಂದು ಫೋಟೋ. ಕಾಗದ ನನ್ನ ಮೇಜಿಗೆ ಬಂತು. ನಾನು ನಿಯಮ ಓದಿ ಹೇಳಿ ಹಿಂದಿರುಗಿಸಿದೆ. 'ಕಿವಿ ಬಿಟ್ಟು ತಿನ್ನು ಅಂತ ಅದಕ್ಕೆ ಹೇಳೋದು ಯಾರು ಸಾರ್?' ಅಂದ. ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಅವನು ಗಂಟೆಯನ್ನು ಚೀಲಕ್ಕೆ ಹಾಕಿಕೊಂಡು ಹೋದ. ಸಾಲದ ಕಂತು ಮಾತ್ರ ನಿಲ್ಲಲಿಲ್ಲ, ಅದರ ನೋಟೀಸು ಟೈಪು ಮಾಡಿದವನೂ ನಾನೇ.

ನಾನು ತಪ್ಪು ಮಾಡಿದೆನೇ? ನಿಯಮ ನನ್ನದಲ್ಲ. ಓಲೆಯಿಲ್ಲದೆ ಹಣ ಕೊಟ್ಟರೆ ಇಲ್ಲದ ಹಸುಗಳು ಸಾಯಲು ಶುರುವಾಗುತ್ತವೆ ಎಂಬುದೂ ನಿಜ, ಅಂಥವನ್ನು ಕಂಡಿದ್ದೇನೆ. ಆದರೆ ಮೇಲಧಿಕಾರಿಗೆ ನಾಲ್ಕು ಸಾಲು ಬರೆದು, ಅರಣ್ಯದವರಿಂದ ಒಂದು ಸ್ಥಳ ತನಿಖೆಯ ಪತ್ರ ತರಿಸಿಕೊಂಡು ಬಾ ಎಂದು ದಾರಿ ತೋರಿಸಬಹುದಿತ್ತು. ಅದಕ್ಕೆ ಅರ್ಧ ಗಂಟೆ ಬೇಕಿತ್ತು. ತಿಂಗಳ ಕೊನೆ, ನಾನು ಆ ಅರ್ಧ ಗಂಟೆ ಕೊಡಲಿಲ್ಲ. ಅವನು ವಿಷ ಹಾಕಲಿಲ್ಲ, ಹಾಕಿದ್ದರೆ ಅದರಲ್ಲಿ ನನ್ನ ಪಾಲು ಎಷ್ಟು ಎಂದು ಯಾವ ಲೆಡ್ಜರಿನಲ್ಲಿ ಬರೆಯುವುದು?

ವಿಷ ಹಾಕಿದವನನ್ನು ಸಮರ್ಥಿಸುತ್ತಿದ್ದೇನೆಂದು ತಿಳಿಯಬೇಡಿ. ಕೋಪದಲ್ಲಿ ಕೋಲು ಹಿಡಿದು ಎದುರು ನಿಂತವನಿಗೂ ವಿಷ ಸವರಿ ಮನೆಗೆ ಹೋಗಿ ಮಲಗಿದವನಿಗೂ ವ್ಯತ್ಯಾಸವಿದೆ. ವಿಷಕ್ಕೆ ಹಸು ಕೊಂದವರು ಯಾರು, ತಾಯಿಯ ಹಿಂದೆ ಬಂದವರು ಯಾರು ಎಂಬುದು ತಿಳಿಯದು. ಅದು ತಪ್ಪು, ಅಪರಾಧ. 1972ರ ವನ್ಯಜೀವಿ ಕಾಯ್ದೆ ಹೇಳುವುದಕ್ಕೆ ಮೊದಲೂ ತಪ್ಪೇ ಆಗಿತ್ತು. ನನ್ನ ತಕರಾರು ಇಷ್ಟೇ. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ ಎಂದು ಓದಿ ನಾವೆಲ್ಲ ಹೆಮ್ಮೆಪಟ್ಟೆವು. ಹೆಮ್ಮೆ ಎಲ್ಲರದು, ಹಸು ಒಬ್ಬನದು.

ಆ ಒಬ್ಬನಿಗೆ ಕಾಡಿನಲ್ಲಿ ಈಗ ಜಾಗವೂ ಕಡಿಮೆ. ಬೆಟ್ಟದ ಕಾಡು 2013ರಲ್ಲಿ ಅಭಯಾರಣ್ಯವಾಯಿತು, ನಮ್ಮ ಹೊಸೂರು ಕಡೆಯ ಕಾಡು 2014ರಲ್ಲಿ ಕಾವೇರಿ ಉತ್ತರ ಅಭಯಾರಣ್ಯವಾಯಿತು. 2022ರಲ್ಲಿ ಮದ್ರಾಸ್ ಹೈಕೋರ್ಟು ತಮಿಳುನಾಡಿನ ಕಾಡುಗಳಲ್ಲಿ ದನ ಮೇಯಿಸುವುದನ್ನು ನಿಷೇಧಿಸಿ, ಆಮೇಲೆ ಆ ಆಜ್ಞೆಯನ್ನು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ, ಹುಲಿ ಸಂರಕ್ಷಿತ ಪ್ರದೇಶಗಳಿಗೆ ಸೀಮಿತಗೊಳಿಸಿತು. ಹುಲಿಗಳು ಸತ್ತ ಮೇಲೆ, 2025ರ ಜುಲೈನಲ್ಲಿ, ತಮಿಳುನಾಡಿನ ದನ ಕರ್ನಾಟಕದ ಕಾಡಿಗೆ ಬರಬಾರದೆಂದು ಅತ್ತಲಿಂದಲೂ ಸೂಚನೆ ಹೊರಟಿತು. ಬರಗೂರು ಬೆಟ್ಟದಲ್ಲಿ ದನದ ಪಟ್ಟಿ ಕಟ್ಟಿಕೊಂಡು ಬದುಕುವ ಲಿಂಗಾಯತರು ನಮ್ಮ ಹಾಗೆ ಕನ್ನಡ ಆಡುವವರೇ. ದನಕ್ಕೆ ರಾಜ್ಯ ಯಾವುದೆಂದು ಗೊತ್ತಿಲ್ಲ, ಹುಲಿಗೂ ಗೊತ್ತಿಲ್ಲ; ಗೊತ್ತಿರಬೇಕಾದವರು ನಡುವೆ ಇರುವವರು ಮಾತ್ರ. ಕಾಡು ಉಳಿಯಬೇಕಾದರೆ ದನ ಕಡಿಮೆಯಾಗಬೇಕೆಂಬ ತಜ್ಞರ ಮಾತನ್ನು ನಾನು ಅಲ್ಲಗಳೆಯಲಾರೆ. ಸಾವಿರ ದನ ತುಳಿದ ನೆಲದಲ್ಲಿ ಜಿಂಕೆಗೆ ಹುಲ್ಲಿಲ್ಲ, ಜಿಂಕೆಯಿಲ್ಲದ ಕಡೆ ಹುಲಿ ದನಕ್ಕೇ ಬರುತ್ತದೆ. ಆದರೆ ಕದ್ದು ಮೇಯಿಸುವಾಗ ಸತ್ತ ಹಸುವಿಗೆ ಪರಿಹಾರ ಕೇಳಲು ಹೋಗುವ ಧೈರ್ಯ ಯಾರಿಗಿದೆ? ಬಾಯಿ ಮುಚ್ಚಿಕೊಂಡ ನಷ್ಟ ಎಲ್ಲೋ ಒಂದು ಕಡೆ ಬಾಯಿ ತೆರೆಯುತ್ತದೆ.

ವಿಚಿತ್ರವೆಂದರೆ, ಈ ಗುಡಿಯೇ ದನಗಾಹಿಯೊಬ್ಬನ ಸಂಪತ್ತಿನಿಂದ ಎದ್ದದ್ದು. ಕಂಸಾಳೆಯವರು ಹಾಡುವ ಕತೆಯಲ್ಲಿ ಮಾದಪ್ಪನಿಗೆ ಗುಡಿ ಕಟ್ಟಿಸುವವನು ಆಲಂಬಾಡಿಯ ಜುಂಜೇಗೌಡ. ಕಾವೇರಿ ದಂಡೆಯ ಆ ಆಲಂಬಾಡಿ ಈಗ ತಮಿಳುನಾಡಿನಲ್ಲಿದೆ. ಆಲಂಬಾಡಿ ತಳಿಯ ದನಕ್ಕೆ ಹೆಸರು ಬಂದದ್ದು ಅಲ್ಲಿಂದಲೇ. ಹುಲಿಯೇರಿದ ದೇವರಿಗೆ ದನದವನು ಮನೆ ಕಟ್ಟಿಸಿದ. ಅವರಿಬ್ಬರ ನಡುವೆ ಏನು ಒಪ್ಪಂದವಾಗಿತ್ತೋ! ದೇವಸ್ಥಾನದಲ್ಲಿ ಹುಲಿವಾಹನವೂ ಇದೆ, ಬಸವವಾಹನವೂ ಇದೆ. ಒಂದು ಪ್ರದಕ್ಷಿಣೆ ಮುಗಿದ ಮೇಲೆ ಇನ್ನೊಂದು ಹೊರಡುತ್ತದೆ, ಇದಕ್ಕೆ ಅದು ದಾರಿ ಬಿಡುತ್ತದೆ.

ಹುಲಿವಾಹನ ಸೇವೆಯ ಹಣದಲ್ಲಿ ಒಂದು ಪಾಲನ್ನು ಹಸು ಕಳೆದುಕೊಂಡವರಿಗೆ ಅದೇ ವಾರ ಕೊಡುವಂತಿದ್ದರೆ ಎಂದು ಸಹೋದ್ಯೋಗಿಯ ಮುಂದೆ ಹೇಳಿದೆ. ಭಕ್ತನು ವಾಹನಕ್ಕೆ ಕಟ್ಟಿದ್ದು ವಾಹನದ ಮೇವಿಗೆ ಹೋದಂತಾಗುತ್ತದಲ್ಲ! ಅವರು ಯೋಚಿಸಿ, 'ಆಗ ಅಲ್ಲಿಯೂ ಒಂದು ಕೌಂಟರು ಆಗುತ್ತದೆ, ಅಲ್ಲಿಯೂ ನಿಮ್ಮಂಥವರೇ ಕೂರುತ್ತಾರೆ. ಓಲೆ ಎಲ್ಲಿ ಅಂತ ಕೇಳುತ್ತಾರೆ' ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಆದರೂ ಆ ಯೋಚನೆಯನ್ನು ಬಿಟ್ಟಿಲ್ಲ.

ಸಂಜೆ ನಮ್ಮ ಸರದಿ ಬಂತು. ತಾಯಿ ವಾಹನಕ್ಕೆ ಕೈ ಹಾಕಿದರು, ನಾನೂ ಕೈ ಹಾಕಿದೆ. ಪ್ರದಕ್ಷಿಣೆಯ ಉದ್ದಕ್ಕೂ ಅವರು ಏನೋ ಗುನುಗುತ್ತಿದ್ದರು. ಕೊನೆಗೆ ಹುಲಿಯ ಹಣೆ ಸವರಿ, ಕಾಡಿನ ದಿಕ್ಕಿಗೆ ಒಮ್ಮೆ ಕೈ ಮುಗಿದರು. ಅದೇಕೆ ಎಂದು ನಾನು ಕೇಳಲಿಲ್ಲ.

ಊರಿಗೆ ಬಂದ ಮುಂದಿನ ಭಾನುವಾರ ಪ್ರಸಾದದ ಪೊಟ್ಟಣ ಹಿಡಿದು ಆ ರೈತನ ಮನೆ ಹುಡುಕಿಕೊಂಡು ಹೋದೆ. ಅವನು ಇರಲಿಲ್ಲ. ಉಳಿದ ಎರಡು ದನ ಮಾರಿ ಸಾಲ ತೀರಿಸಿ, ಹೊಸೂರಿನ ಒಂದು ಕಾರ್ಖಾನೆಯಲ್ಲಿ ರಾತ್ರಿ ಕಾವಲಿಗೆ ಸೇರಿದ್ದನಂತೆ. ಕೊಟ್ಟಿಗೆಯಲ್ಲಿ ಬೈಕು ನಿಂತಿತ್ತು, ಗೂಟಕ್ಕೆ ಅದೇ ಗಂಟೆ ತೂಗುಹಾಕಿತ್ತು. ಅವನ ಹೆಂಡತಿ ಪ್ರಸಾದ ಕಣ್ಣಿಗೊತ್ತಿಕೊಂಡು, ಪಕ್ಕದ ಅಂಗಡಿಯಿಂದ ಪ್ಯಾಕೆಟ್ ಹಾಲು ತರಿಸಿ ಟೀ ಮಾಡಿಕೊಟ್ಟರು.